ಗೆಲ್ಲಲೊಲ್ಲದ ಜಯಸುಖಭಾಯಿ

ಸೂರತ್ತಿನ ನೂಲಿನ ವ್ಯಾಪಾರಿ ಜಯಸುಖಭಾಯಿಯೆಂದರೆ, ಬಾಕಿ ತೀರಿಸದ ರಸಿಕಭಾಯಿಯ ನೇಯ್ಗೆ ಕಂಪನಿಯನ್ನೇ ಮುಚ್ಚಿಸಲು ಹೈಕೋರ್ಟಿಗೆ ದಂಡೆತ್ತಿ ಹೋದ ಮಹಾವೀರ. ವಿಚಾರಣೆಯ ದಿನ ಹಣೆಗೆ ಕುಂಕುಮ, ಬಗಲಲ್ಲಿ ಖಾಖ್ರಾ ತುಂಬಿದ ಡಬ್ಬಿ. ಅದರಲ್ಲಿ ಎದುರಾಳಿಗೂ ಪಾಲು. “ತಿನ್ನಯ್ಯಾ ದಿವಾಳಿಕೋರ, ಹಸಿದವನ ಮೇಲೆ ನಾನು ಕೇಸು ನಡೆಸಲ್ಲ!” ವಕೀಲರ ಕಿವಿಗೆ ಮಾತ್ರ ಸದಾ ಒಂದೇ ಮಂತ್ರ: “ಹೆದರಿಸಿ ಸಾಹೇಬ್ರೇ, ಗೆದ್ದುಗಿದ್ದುಬಿಟ್ಟೀರಿ! ಕಂಪನಿ ಮುಚ್ಚಿದ್ರೆ ಬ್ಯಾಂಕಿನವ್ರು, ಕೂಲಿಯವ್ರು ಬಾಚ್ಕೊಂಡು ಮಿಕ್ಕಿದ ಧೂಳು ನನಗೆ. ಇನ್ನೊಂದು ತಾರೀಖು ಕೇಳಿ, ಸಾಕು.” ಆದರೂ ಒಂದು ದಿನ ಗೆದ್ದೇಬಿಟ್ಟ, ಕಂಪನಿಗೆ ಸರ್ಕಾರಿ ಬೀಗ ಬಿತ್ತು. ಹರೆಯದಿಂದಲೂ, ದೀಪಾವಳಿ ಕಳೆದು ಹೊಸ ವರ್ಷದ ವ್ಯಾಪಾರಕ್ಕೆ ಅಂಗಡಿ ತೆರೆಯುವ ಲಾಭಪಂಚಮಿಯಂದು ಮೊದಲ ನೂಲಿನುಂಡೆಯನ್ನು ರಸಿಕಭಾಯಿಗೇ ಮಾರುತ್ತ ಬಂದವನು, ಈ ಸಲ ಅಂಗಡಿ ತೆರೆದು ಮಧ್ಯಾಹ್ನವಾದರೂ ಬಂದ ಗಿರಾಕಿಗಳನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದ: “ತಡೀರಪ್ಪಾ, ಬೋಣಿ ಮಾಡೋನು ಇನ್ನೂ ಬಂದಿಲ್ಲ.”