ಮೌನಪ್ಪನ ಹದಿನೈದು ನಿಮಿಷ
ರಾಯಚೂರಿನ ಅಕ್ಕಿಗಿರಣಿ ಸಾಹುಕಾರರ ಮಾಳಿಗೆಯ ಮೇಲೆ ನಾಲ್ಕೈದು ಮಂದಿ ಕೂಡುವಂಥ ಬಿಸಿನೀರಿನ ಟಬ್ ಬಂದ ದಿನದಿಂದ ಅದನ್ನು ನೋಡಿಕೊಳ್ಳುವ ಮಾನ್ವಿಯ ಮೌನಪ್ಪನಿಗೆ, ಅದರಲ್ಲಿ ಇಳಿಯುವವರನ್ನು ಕಂಡರೆ ಹೊಟ್ಟೆಯೊಳಗೆ ಒಲೆ ಉರಿಯುತ್ತದೆ. ಬೆಂಕಿಯಂಥ ಬಿಸಿಲಿನ ಊರಲ್ಲಿ ನೀರು ಕಾಸಿಕೊಂಡು ಕೂಡುವವರ ಮೇಲೆ ಅವನು ನಿಯಮಗಳಿಂದಲೇ ಸೇಡು ತೀರಿಸಿಕೊಳ್ಳುತ್ತಾನೆ. ದಿನಾ ಮುಂಜಾನೆ ಪರೀಕ್ಷೆಯ ಕಾಗದ ಅದ್ದಿ, ಬಣ್ಣ ನೋಡಿ, ಅಷ್ಟೇ ಕ್ಲೋರಿನ್ ಹಾಕುತ್ತಾನೆ. ಫಿಲ್ಟರನ್ನು ಎಳೆಗೂಸಿನಂತೆ ಎತ್ತಿ ತೊಳೆಯುತ್ತಾನೆ. ಶಾಖ ನಲವತ್ತು ಡಿಗ್ರಿ ದಾಟಗೊಡುವುದಿಲ್ಲ. ಬೀಗರು ಬಂದರೆ ಮೆಟ್ಟಿಲಿಗೇ ಅಡ್ಡ ನಿಲ್ಲುತ್ತಾನೆ: "ಮೊದಲು ಮೈ ತೊಳಕೊಂಡು ಬರ್ರಿ. ಕುಡದವರು ಇಳಿಯಂಗಿಲ್ಲ. ಬಸುರಿದ್ದವರು ಡಾಕ್ಟರನ್ನ ಕೇಳ್ರಿ. ಯಾರಿದ್ರೂ ಹದಿನೈದೇ ನಿಮಿಷರೀ." ದೀಪಾವಳಿಯಂದು ಸಾಹುಕಾರರು ಮೈತುಂಬ ಎಣ್ಣೆ ಹಚ್ಚಿಕೊಂಡು ಇಳಿದು ಫಿಲ್ಟರ್ ಕಟ್ಟಿಕೊಂಡಾಗ ಮೂರು ದಿನ ಮುಚ್ಚಳಕ್ಕೆ ಬೀಗ ಜಡಿದು, "ಎಣ್ಣಿ ನಿಮ್ದು, ಜಿಡ್ಡು ನಂದೇನ್ರಿ?" ಎಂದಿದ್ದ. ಅವನ ಹೆಂಡತಿ ಹುಲಗೆಮ್ಮ ಇಪ್ಪತ್ತು ವರ್ಷ ಸಾಹುಕಾರರದೇ ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚಿ ಮೊಣಕಾಲು ಸವೆಸಿಕೊಂಡವಳು. ಕೆಸರಿಗೆ ಇಳಿಸಿದ ಮನೆಯವರು ಒಮ್ಮೆಯೂ ಆಕೆಯನ್ನು ಬಿಸಿನೀರಿಗೆ ಇಳಿ ಎಂದಿಲ್ಲ. ಮೂರು ತಿಂಗಳಿಗೊಮ್ಮೆ ನೀರು ಬದಲಿಸುವ ದಿನ ಮಾತ್ರ ಮೌನಪ್ಪ ಕರೆಂಟ್ ತೆಗೆದು, ಕೆಳಗೆ ಹಿತ್ತಲಲ್ಲಿ, ಮಾಳಿಗೆಯಿಂದ ಇಳಿಬಿಟ್ಟ ಪೈಪಿನ ಬಾಯಿಗೆ ಆಕೆಯನ್ನು ಕೂಡಿಸಿ, ಶಾಖ ಅಳೆದು, ಹೊರಹೋಗುವ ಬೆಚ್ಚನೆಯ ನೀರನ್ನು ಮೊಣಕಾಲ ಮೇಲೆ ಬಿಡುತ್ತಾನೆ. ಆಮೇಲೆ ರೂಢಿಯಂತೆ ಕೈಗಡಿಯಾರ ನೋಡಿ, "ಹದಿನೈದಾತು, ಏಳಬೇ" ಎನ್ನುತ್ತಾನೆ. "ಚೆಲ್ಲೋ ನೀರಿಗೂ ಟೈಮೇನು ನಿಂದು" ಎಂದು ಆಕೆ ಕೂತೇ ಇರುತ್ತಾಳೆ. ಮೌನಪ್ಪ ಗಡಿಯಾರ ಬಿಚ್ಚಿ ಕಿಸೆಗಿಟ್ಟು, ಪೈಪು ಹಿಡಿದು ನಿಲ್ಲುತ್ತಾನೆ.