ಶಿಲುಬೆಯ ಕೊನೆಯ ಹೆಸರು

ಮೊನ್ನೆ ಕುವೈತಿನ ಶರ್ಕಿನಲ್ಲಿರುವ ನಮ್ಮ ಆಫೀಸಿನಲ್ಲಿ ಯಾರೋ ಊಟದ ಡಬ್ಬಿ ಬಿಚ್ಚಿದರು. ನಮ್ಮೂರ ಕಡೆಯ ಬಾಫಾತ್ ಮಸಾಲೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ಹಸಿವಾಗಲಿಲ್ಲ, ನಾಚಿಕೆಯಾಯಿತು.

ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿಯದೇ ಖೈತಾನಿನ ನಮ್ಮ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದವರನ್ನು ನಾವೆಲ್ಲ ಮಾಮ್, ಅಂದರೆ ಮಾವ, ಎನ್ನುತ್ತಿದ್ದೆವು. ಮಂಗಳೂರಿನ ಕಡೆಯವರು, ನನ್ನ ಇಗರ್ಜಿಯವರೇ, ಒಂದೇ ಚರ್ಚಿನವರು. ಆ ಇಗರ್ಜಿಯ ಅಂಗಳದಲ್ಲಿ ಒಂದು ಕಲ್ಲಿನ ಶಿಲುಬೆ ಇತ್ತು. ಮೊದಲ ಮಹಾಯುದ್ಧಕ್ಕೆ ಹೋಗಿ ಮರಳದವರ ಹೆಸರುಗಳು ಅದರ ಬುಡದ ಫಲಕದಲ್ಲಿದ್ದವು. ಕಟ್ಟಕಡೆಯದು ಮಾಮ್ ಅವರ ಅಜ್ಜನದು. ಪಲ್ಟನ್ನಿನ ಅಡುಗೆಯವರಾಗಿ ಬಸ್ರಾಕ್ಕೆ ಹೋಗಿ ಅಲ್ಲೇ ಸತ್ತವರು. ಗೋರಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಸಕಲ ಮೃತರ ದಿನ ಮಾಮ್ ಅವರ ಮನೆಯವರು ಮೇಣದ ಬತ್ತಿ ಹಚ್ಚುತ್ತಿದ್ದುದು ಆ ಹೆಸರಿನ ಕೆಳಗೇ.

ಶಿಲುಬೆ ಬಿರುಕು ಬಿಟ್ಟಾಗ ಕುವೈತಿನಲ್ಲಿದ್ದ ಊರಿನವರು ಸೇರಿ ಹೊಸತು ಮಾಡಿಸಲು ಹೊರಟೆವು. ನಾನು ಕಾರ್ಯದರ್ಶಿ. ಹೆಸರುಗಳನ್ನು ಟೈಪು ಮಾಡಿ ಊರಿಗೆ ಕಳಿಸುವುದು ನನ್ನ ಕೆಲಸ. ಮೇಲೆ ‘ವೀರ ಯೋಧರು’ ಎಂದು ತಲೆಬರಹ ಹಾಕಿದೆ. ಹಾಕಿದ ಮೇಲೆ ಕೊನೆಯ ಹೆಸರು ಕಣ್ಣಿಗೆ ಚುಚ್ಚಿತು. ಇಕಾಮಾ ಎಂಬ ಇಲ್ಲಿನ ವಾಸದ ಪರವಾನಗಿಯಲ್ಲಿ ಬರೆದ ಹುದ್ದೆ ನೋಡಿ ಮನುಷ್ಯನ ಬೆಲೆ ಕಟ್ಟಿ ರೂಢಿಯಾದ ಬುದ್ಧಿ ನನ್ನದು… ಅಡುಗೆಯವನು ಯೋಧ ಹೇಗಾದಾನು? ತೆಗೆದುಬಿಟ್ಟೆ.

ಶುಕ್ರವಾರ ಮಧ್ಯಾಹ್ನ, ಅವರೇ ಬಡಿಸಿದ ಮೀನು ಸಾರು ಕಲಸಿಕೊಳ್ಳುತ್ತ, ದೊಡ್ಡ ಮನುಷ್ಯನ ಹಾಗೆ ಹೇಳಿದೆ: “ಮಾಮ್, ಹೊಸ ಫಲಕದಲ್ಲಿ ನಿಮ್ಮ ಅಜ್ಜನ ಹೆಸರು ಹಾಕಿಲ್ಲ. ಅದು ಸೋಲ್ಜರ್‌ಗಳದ್ದು. ಅವರು ಕುಕ್ ಅಲ್ವಾ?”

ಸೌಟು ಹಿಡಿದ ಕೈ ನಿಂತಿತು. “ಗುಂಡು ಬೀಳುವಾಗ ಕೇಳ್ತದಾ ಮಾರಾಯಾ, ನೀನು ಕುಕ್ಕಾ ಸೋಲ್ಜರಾ ಅಂತ?”

ಅಷ್ಟೇ. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದರು. ನಾನು ತಿಂದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ, ಬೇರೇನಲ್ಲ.

ಮರುವರ್ಷ ಅವರು ಇಲ್ಲಿನ ಕೆಲಸ ಖಲಾಸ್ ಎಂದು ಊರಿಗೆ ಹೋದರು. ಮುಂದಿನ ರಜೆಯಲ್ಲಿ ತಿದ್ದಿಸೋಣ ಎಂದುಕೊಂಡೆ, ಅದರ ಮುಂದಿನ ರಜೆಯಲ್ಲಿ… ತಪ್ಪಾಯಿತು ಎಂದು ಒಂದು ಫೋನು ಮಾಡುವಷ್ಟು ಮರ್ಯಾದೆಯೂ ನನ್ನಲ್ಲಿರಲಿಲ್ಲ. ಹೋದ ವರ್ಷ ಮಾಮ್ ತೀರಿಕೊಂಡರು.

ಈ ಸಲ ಊರಿಗೆ ಹೋದಾಗ ಶಿಲುಬೆಯ ಮುಂದೆ ನಿಂತೆ. ಕರಿಕಲ್ಲು ಇನ್ನೂ ಹೊಳೆಯುತ್ತಿದೆ. ಯೋಧರ ಹೆಸರು ಮುಗಿದಲ್ಲಿ ಜೀರ್ಣೋದ್ಧಾರ ಮಾಡಿಸಿದವರ ಹೆಸರುಗಳಿವೆ. ಮಾಮ್ ಅವರ ಅಜ್ಜನ ಹೆಸರು ಇರಬೇಕಾಗಿದ್ದ ಜಾಗದಲ್ಲಿ, ಕಾರ್ಯದರ್ಶಿ ಎಂಬ ಹುದ್ದೆಯ ಸಮೇತ, ನನ್ನದು.

ನಿನ್ನೆ ಇಲ್ಲಿ ಪಾದ್ರಿಗಳಿಗೆ ಪತ್ರ ಬರೆಯಲು ಕೂತೆ. ನನ್ನ ಹೆಸರು ತೆಗೆದು ಅಲ್ಲಿ ಅಜ್ಜನದನ್ನು ಹಾಕಿಸಿ ಎಂದು. ಹಳೆಯ ಫಲಕ ಒಡೆದು ಯಾವುದೋ ಗೋಡೆಗೆ ಸೇರಿದೆ; ಮಾಮ್ ಅವರಿಗೆ ಮಕ್ಕಳಿಲ್ಲ, ಆ ಮನೆಯಲ್ಲೀಗ ಕೇಳಲು ಯಾರೂ ಉಳಿದಿಲ್ಲ. ಎರಡು ಸಾಲು ಬರೆದು ಅಲ್ಲಿಗೇ ನಿಲ್ಲಿಸಿದೆ… ನನ್ನ ಕೈಯಾರೆ ಅಳಿಸಿದ ಹೆಸರು ನನಗೆ ನೆನಪಿಲ್ಲ.