ಏಣಿ ಗಂಟು

ಹೆತ್ತೂರಿನ ಕಮಲಾಕ್ಷಿಯ ಗಂಡ ಕರಿಯಪ್ಪ ಮೆಣಸು ಕೊಯ್ಯುವುದರಲ್ಲಿ ಪಳಗಿದವನು. ಅವನ ಹಿಮ್ಮಡಿಯ ಮೇಲಿನ ನರದಲ್ಲಿ ಗಟ್ಟಿ ಗಂಟುಗಳಿದ್ದವು. ದಿನವಿಡೀ ಬಿದಿರೇಣಿಯ ಮೇಲೆ ನಿಂತು ಬಂದದ್ದೆಂದು ನಾವೆಲ್ಲ ಅದನ್ನು ಏಣಿ ಗಂಟು ಎನ್ನುತ್ತಿದ್ದೆವು. ನಲವತ್ತೊಂದನೇ ವಯಸ್ಸಿಗೆ ಅವನು ಏಣಿಯಿಂದ ಬಿದ್ದು ಸತ್ತಾಗ ಕಾಲು ಜಾರಿತೆಂದೂ ನಾವೇ ತೀರ್ಮಾನಿಸಿದೆವು.

ಕಮಲಾಕ್ಷಿ ಏಣಿಯನ್ನು ಕಡಿದು ಒಲೆಗೆ ಹಾಕಿದಳು. ಮಗ ಲೋಹಿತನನ್ನು ಎಸ್ಟೇಟಿನ ಸ್ಟೋರಿಗೆ ಕೆಲಸಕ್ಕೆ ಸೇರಿಸಿದಳು. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಹತ್ತದಂತೆ ಅವನ ಕಾಲಿಗೆ ಹೊಗೆಸೊಪ್ಪಿನ ಎಣ್ಣೆಯನ್ನು ತಾನೇ ಉಜ್ಜುತ್ತಿದ್ದಳು. ಇಪ್ಪತ್ತಕ್ಕೆ ಅವನ ಹಿಮ್ಮಡಿಯಲ್ಲೂ ಗಂಟು ಕೈಗೆ ಸಿಕ್ಕಿತು.

"ಏಣಿ ಹತ್ತದಿದ್ರೂ ಅಪ್ಪನ ಗಂಟು ಬಂದೈತೆ ಕಣ್ರೀ," ಎಂದು ಪಕ್ಕದ ಮನೆಯ ನನಗೆ ತೋರಿಸಿ ನಕ್ಕಳು. ನಾನೂ ನಕ್ಕೆ. ಹತ್ತದ ಏಣಿಯ ಗಂಟು ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ನನಗೆಲ್ಲಿತ್ತು?

ಹೋದ ಜೂನ್‌ನಲ್ಲಿ ಮೂವತ್ತನಾಲ್ಕರ ಲೋಹಿತ ಎದೆ ಹಿಡಿದುಕೊಂಡು ಕುಸಿದ. ಹಾಸನ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಹಿಮ್ಮಡಿ ಮುಟ್ಟಿ ನೋಡಿ, ಇದು ಕೊಬ್ಬಿನ ಗಂಟು ಎಂದರು. ಅಪ್ಪನಿಗೂ ಇತ್ತೆಂದು ಕೇಳಿ, ಅವನ ವಂಶವಾಹಿಯಿಂದಲೇ ಬಂದದ್ದು, ಹೃದಯದ ರಕ್ತನಾಳದಲ್ಲೂ ಇದೇ ಕೊಬ್ಬು ಕಟ್ಟಿರುತ್ತದೆ ಎಂದರು. ಮೊದಲೇ ಬಂದಿದ್ದರೆ ಮಾತ್ರೆಗಳಿದ್ದವಂತೆ. ಕರಿಯಪ್ಪನೂ ಬಿದ್ದು ಸತ್ತವನಲ್ಲ, ಸತ್ತೇ ಬಿದ್ದವನಿರಬೇಕು.

"ಡಾಕ್ಟ್ರಿಗೆ ಒಂದ್ಸಲ ಮುಟ್ಟಿದ್ದಕ್ಕೇ ಗೊತ್ತಾಗ್ಬುಡ್ತು," ಎಂದಳು ಕಮಲಾಕ್ಷಿ. "ನಾನು ಹದಿನಾಲ್ಕು ವರ್ಷ ಮುಟ್ಟಿದೀನಿ."

ಲೋಹಿತನ ಮಗಳು ಧನುಶ್ರೀಯ ರಕ್ತವನ್ನೂ ಪರೀಕ್ಷಿಸಬೇಕಂತೆ. ನಿನ್ನೆ ಹಾಸನಕ್ಕೆ ಹೊರಡುವಾಗ ಆ ಮಗು ಎಣ್ಣೆ ಹಚ್ಚೆಂದು ಅಜ್ಜಿಯ ಮುಂದೆ ಕಾಲು ಚಾಚಿತು. ಕಮಲಾಕ್ಷಿ ಬೆರಳಿಗೆ, ಪಾದಕ್ಕೆ ಉಜ್ಜಿದಳು. ಹಿಮ್ಮಡಿಯ ಹತ್ತಿರ ಅವಳ ಕೈ ನಿಂತುಬಿಟ್ಟಿತು. ಎಣ್ಣೆಯ ಬಟ್ಟಲನ್ನು ನನ್ನತ್ತ ಸರಿಸಿದಳು.

"ಅಲ್ಲಿಗೆ ನೀವೇ ಹಚ್ಚಿ."